ಪಹಣಿಯ 11ನೇ ಕಾಲಂ ಮತ್ತು ನನ್ನ ಸಿಬಿಲ್ ವರದಿ

ಬ್ಯಾಂಕಿನಲ್ಲಿ ಯಾವುದೇ ಸಾಲ ತೀರಿದ ಮೇಲೆ ನಮ್ಮ ತಂದೆಯವರು ತಪ್ಪದೆ ಮಾಡುತ್ತಿದ್ದ ಕೆಲಸವೊಂದಿತ್ತು. ಕೊನೆಯ ಕಂತು ಕಟ್ಟಿ, ರಸೀದಿಯನ್ನೂ ಬೇಬಾಕಿ ಪತ್ರವನ್ನೂ ಪಡೆದು, ಒಂದೆರಡು ತಿಂಗಳು ಬಿಟ್ಟು ತಾಲ್ಲೂಕು ಕಚೇರಿಗೆ ಹೋಗಿ ಹೊಸ ಪಹಣಿ ತೆಗೆಸಿ ತರುತ್ತಿದ್ದರು. ಮನೆಗೆ ಬಂದವರೇ ಜಗುಲಿಯ ಬೆಳಕಿನಲ್ಲಿ ಕುಳಿತು, ಮೊದಲು 9ನೇ ಕಾಲಂನಲ್ಲಿ ತಮ್ಮ ಹೆಸರೂ ತಾತನ ಹೆಸರೂ ಅಕ್ಷರ ತಪ್ಪಿಲ್ಲದೆ ಇವೆಯೇ ಎಂದು ನೋಡಿ, ಆಮೇಲೆ ಬೆರಳನ್ನು 11ನೇ ಕಾಲಂಗೆ ಸರಿಸಿ, ಋಣ ಎಂದು ಬರೆದ ಕಡೆ ಹಳೆಯ ಸಾಲ ಇನ್ನೂ ಕುಳಿತಿದೆಯೋ ಹೋಗಿದೆಯೋ ಎಂದು ಪರೀಕ್ಷಿಸುತ್ತಿದ್ದರು. ಒಮ್ಮೆ ಪಂಪ್‌ಸೆಟ್ ಸಾಲ ಪೂರ್ತಿ ತೀರಿದ್ದರೂ ಆ ಕಾಲಂನಿಂದ ಹೋಗಿರಲಿಲ್ಲ. ಅದಕ್ಕಾಗಿ ಅವರು ಮೂರು ತಿಂಗಳು ಅಲೆದರು. ಸಾಲ ತೀರಿದ್ದಾಗಿದೆಯಲ್ಲ, ಬಿಡಿ ಎಂದು ಅಮ್ಮ ಹೇಳಿದಾಗ, "ಕಟ್ಟಿದ್ದು ನಮಗೆ ಗೊತ್ತು, ಕಾಗದಕ್ಕೂ ಗೊತ್ತಾಗಬೇಕಲ್ಲ" ಎಂದಿದ್ದರು.

ಆ ಮಾತು ನನಗೆ ಅರ್ಥವಾದದ್ದು 2021ರಲ್ಲಿ. ಹಾಸನದಲ್ಲಿ ಒಂದು ಸೈಟು ನೋಡಿ, ಮುಂಗಡ ಕೊಡುವ ಮಾತುಕತೆ ಮುಗಿಸಿ, ಸಾಲಕ್ಕೆ ಅರ್ಜಿ ಹಾಕಿದ್ದೆ. ಹದಿನೈದು ವರ್ಷಗಳ ನೌಕರಿ, ಪ್ರತಿ ತಿಂಗಳು ಸಂಬಳ, ಹಿಂದೆ ತೆಗೆದುಕೊಂಡಿದ್ದ ವಾಹನ ಸಾಲವನ್ನು ಒಂದು ಕಂತೂ ತಪ್ಪದೆ ತೀರಿಸಿದ ದಾಖಲೆ ಎಲ್ಲವೂ ಇದ್ದವು. ಆದರೂ ಬ್ಯಾಂಕಿನ ಅಧಿಕಾರಿ ತಮ್ಮ ಕಂಪ್ಯೂಟರಿನ ಪರದೆಯನ್ನು ಸ್ವಲ್ಪ ನನ್ನ ಕಡೆ ತಿರುಗಿಸಿ, "ಮೇಡಂ, ನಿಮ್ಮ ಸಿಬಿಲ್ 648 ತೋರಿಸುತ್ತಿದೆ. ಒಂದು ಕ್ರೆಡಿಟ್ ಕಾರ್ಡ್ ರೈಟ್ ಆಫ್ ಆಗಿದೆಯಲ್ಲ" ಎಂದರು. ಸಿಬಿಲ್ ಎಂದರೆ ನಾವು ತೆಗೆದುಕೊಂಡ ಸಾಲಗಳನ್ನು ಹೇಗೆ ತೀರಿಸಿದ್ದೇವೆ ಎಂದು ಹೇಳುವ ವರದಿ, 648 ಅದರಲ್ಲಿ ನನಗೆ ಸಿಕ್ಕ ಅಂಕ, ಅಂದರೆ ಸ್ಕೋರ್. ರೈಟ್ ಆಫ್ ಎಂದರೆ ವಸೂಲಾಗದ ಬಾಕಿ ಎಂದು ಬ್ಯಾಂಕು ತನ್ನ ಲೆಕ್ಕದಿಂದ ತೆಗೆದುಹಾಕಿದ ಸಾಲ. ಸಾಲ ಕೊಡುವವರು ಅತ್ಯಂತ ಹೆದರುವ ಪದಗಳಲ್ಲಿ ಅದೂ ಒಂದು.

ವಿಚಾರಿಸಿದಾಗ ತಿಳಿದದ್ದು ಇಷ್ಟು. ಬೆಂಗಳೂರಿನಲ್ಲಿದ್ದಾಗ, 2016ರಲ್ಲಿ, ಸಂಬಳದ ಖಾತೆಯ ಜೊತೆಗೆ ಒಂದು ಬ್ಯಾಂಕಿನವರು ಕಾರ್ಡ್ ಕೊಟ್ಟಿದ್ದರು. ನಾನು ಅದನ್ನು ಬಳಸಿದ್ದೇ ಕಡಿಮೆ. ಊರು ಬದಲಿಸುವಾಗ ಗ್ರಾಹಕ ಸೇವೆಯವರಿಗೆ ಫೋನ್ ಮಾಡಿ ಕಾರ್ಡ್ ಬೇಡವೆಂದು ಹೇಳಿ, ಅದನ್ನು ಕತ್ತರಿಯಿಂದ ನಾಲ್ಕು ತುಂಡು ಮಾಡಿ ಎಸೆದಿದ್ದೆ. ಬರವಣಿಗೆಯಲ್ಲಿ ಏನನ್ನೂ ಪಡೆದಿರಲಿಲ್ಲ. ಖಾತೆ ಮುಚ್ಚಿರಲೇ ಇಲ್ಲ. ಮುಂದಿನ ವರ್ಷ ₹500 ವಾರ್ಷಿಕ ಶುಲ್ಕ, ಅದಕ್ಕೆ ಶೇ. 18ರ ಜಿಎಸ್‌ಟಿ ಸೇರಿ ₹590ರ ಬಿಲ್ಲು ನನ್ನ ಹಳೆಯ ಬಾಡಿಗೆ ಮನೆಯ ವಿಳಾಸಕ್ಕೆ ಹೋಯಿತು. ವಿಳಂಬ ಶುಲ್ಕ, ಅದರ ಮೇಲೆ ಬಡ್ಡಿ, ಬಡ್ಡಿಯ ಮೇಲೆ ತೆರಿಗೆ ಸೇರುತ್ತಾ ಆ ₹590 ಎಂಟು ಪಟ್ಟು ಬೆಳೆದು, ಕೊನೆಗೆ ವಸೂಲಾಗದ ಸಾಲದ ಪಟ್ಟಿಗೆ ಸೇರಿತು. ಬ್ಯಾಂಕು ಕೊನೆಗೆ ದಂಡದ ಮೊತ್ತವನ್ನೆಲ್ಲ ಕೈಬಿಟ್ಟು ಮೂಲ ಶುಲ್ಕವನ್ನಷ್ಟೇ ಕಟ್ಟಿಸಿಕೊಂಡಿತು. ಆದರೆ ವರದಿಯಲ್ಲಿ ಆ ಪದ ಬದಲಾಗಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಸೈಟು ಬೇರೆಯವರ ಪಾಲಾಗಿತ್ತು.

ಕಾರ್ಡ್ ಮುಚ್ಚಿದ್ದಕ್ಕೆ ಪತ್ರ ಪಡೆಯದೇ ಇದ್ದದ್ದು ನನ್ನ ತಪ್ಪು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ಸಂಗತಿ. ಆ ಸಾಲು ನನ್ನ ಹೆಸರಿನ ಕೆಳಗೆ ಮೂರು ವರ್ಷ ಕುಳಿತಿತ್ತು. ಅದನ್ನು ಉಚಿತವಾಗಿ ನೋಡುವ ಹಕ್ಕು ಆ ಮೂರೂ ವರ್ಷ ನನಗಿತ್ತು. ನಾನು ಒಮ್ಮೆಯೂ ನೋಡಿರಲಿಲ್ಲ. ಜಮೀನಿನ ಕಾಗದವನ್ನು ಬೆರಳಿಟ್ಟು ಓದುವುದನ್ನು ಮನೆಯಲ್ಲೇ ಕಂಡು ಬೆಳೆದಿದ್ದರೂ, ನನ್ನ ಹೆಸರಿನಲ್ಲಿಯೂ ಅಂಥದೊಂದು ಕಾಗದವಿದೆ ಎಂಬುದು ನನ್ನ ಮನಸ್ಸಿಗೆ ಬಂದಿರಲಿಲ್ಲ.

ನಮ್ಮಲ್ಲಿ ಎಲ್ಲರೂ ಈ ಸಾಲದ ವರದಿಯನ್ನು ಸಿಬಿಲ್ ಎಂದೇ ಕರೆಯುತ್ತಾರೆ, ಏಕೆಂದರೆ ಇಂಥ ವರದಿ ಕೊಡುವ ಕಂಪನಿಗಳಲ್ಲಿ ಮೊದಲು ಬಂದದ್ದು ಅದೇ. ಸಾಲಗಾರರ ಮಾಹಿತಿ ಒಂದೆಡೆ ಸಿಗುವ ಸಂಸ್ಥೆ ಬೇಕೆಂದು ರಿಸರ್ವ್ ಬ್ಯಾಂಕಿನ ಸಿದ್ದಿಕಿ ಸಮಿತಿ ಶಿಫಾರಸು ಮಾಡಿದ ನಂತರ 2000ನೇ ಇಸವಿಯಲ್ಲಿ ಅದು ಸ್ಥಾಪನೆಯಾಯಿತು. 2005ರಲ್ಲಿ ಸಾಲ ಮಾಹಿತಿ ಕಂಪನಿಗಳ ನಿಯಂತ್ರಣ ಕಾಯ್ದೆ ಬಂತು. ಇಂದು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈಮಾರ್ಕ್. ಬ್ಯಾಂಕುಗಳು ಮತ್ತು ಹಣಕಾಸು ಸಂಸ್ಥೆಗಳು ಈ ನಾಲ್ಕಕ್ಕೂ ಸದಸ್ಯರಾಗಿ ನಾಲ್ಕಕ್ಕೂ ಮಾಹಿತಿ ಕೊಡಬೇಕೆಂದು 2015ರಲ್ಲಿ ಆದೇಶವಾಯಿತು. ಆದ್ದರಿಂದ ನಮ್ಮ ಬಗ್ಗೆ ವರದಿ ಒಂದಿಲ್ಲ, ನಾಲ್ಕಿವೆ. ಒಂದರಲ್ಲಿ ಸರಿಯಾಗಿರುವುದು ಇನ್ನೊಂದರಲ್ಲಿ ತಪ್ಪಾಗಿರಬಹುದು. ನನ್ನ ಕಾರ್ಡಿನ ವಿಷಯದಲ್ಲಿ ಆದದ್ದೂ ಅದೇ: ಎರಡು ವರದಿಗಳಲ್ಲಿ ಖಾತೆ ಮುಚ್ಚಿದೆ ಎಂದು ಬದಲಾದ ಮೇಲೂ ಮೂರನೆಯದರಲ್ಲಿ ಹಳೆಯ ಪದವೇ ಉಳಿದಿತ್ತು.

ಈ ನಾಲ್ಕೂ ಕಂಪನಿಗಳು ಪ್ರತಿಯೊಬ್ಬ ವ್ಯಕ್ತಿಗೆ ಕ್ಯಾಲೆಂಡರ್ ವರ್ಷಕ್ಕೊಮ್ಮೆ ಸ್ಕೋರ್ ಸಹಿತವಾದ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮ 2017ರ ಜನವರಿಯಿಂದ ಜಾರಿಯಲ್ಲಿದೆ. ನಾನು ಇದನ್ನು ವರ್ಷದ ಮೇಲೆ ಹಂಚಿಕೊಂಡಿದ್ದೇನೆ. ಜನವರಿಯಲ್ಲಿ ಒಂದು ಕಂಪನಿಯದು, ಏಪ್ರಿಲ್‌ನಲ್ಲಿ ಎರಡನೆಯದು, ಜುಲೈಯಲ್ಲಿ ಮೂರನೆಯದು, ಅಕ್ಟೋಬರ್‌ನಲ್ಲಿ ನಾಲ್ಕನೆಯದು. ಅಡುಗೆಮನೆಯ ಗೋಡೆಯಲ್ಲಿರುವ ಕ್ಯಾಲೆಂಡರಿನಲ್ಲಿ, ಗ್ಯಾಸ್ ಸಿಲಿಂಡರ್ ಬಂದ ದಿನವನ್ನು ಗುರುತಿಸುವ ಪೆನ್ನಿನಲ್ಲೇ, ಆ ನಾಲ್ಕು ದಿನಾಂಕಗಳಿಗೆ ಸುತ್ತು ಹಾಕಿರುತ್ತೇನೆ. ಹೀಗೆ ಮಾಡಿದರೆ ಒಂದು ರೂಪಾಯಿ ಖರ್ಚಿಲ್ಲದೆ ಮೂರು ತಿಂಗಳಿಗೊಮ್ಮೆ ಒಂದು ಪೂರ್ಣ ವರದಿ ಕೈಗೆ ಸಿಗುತ್ತದೆ. ಮನೆಸಾಲದಂಥ ದೊಡ್ಡ ಸಾಲಕ್ಕೆ ಅರ್ಜಿ ಹಾಕುವ ವರ್ಷದಲ್ಲಿ ಮಾತ್ರ ಈ ಹಂಚಿಕೆಯನ್ನು ಬಿಟ್ಟು, ಅರ್ಜಿಗೆ ಮೂರ್ನಾಲ್ಕು ತಿಂಗಳು ಮೊದಲೇ ನಾಲ್ಕನ್ನೂ ಒಟ್ಟಿಗೆ ತೆಗೆದು ನೋಡುವುದು ಒಳ್ಳೆಯದು. ತಪ್ಪಿದ್ದರೆ ತಿದ್ದಿಸಲು ಸಮಯ ಬೇಕಲ್ಲ.

ತೆಗೆಯುವ ಕೆಲಸ ಕಷ್ಟವೇನಲ್ಲ. ಕಂಪನಿಯ ಜಾಲತಾಣದಲ್ಲಿ ಹೆಸರು, ಹುಟ್ಟಿದ ದಿನಾಂಕ, ಪ್ಯಾನ್ ಅಥವಾ ಬೇರೆ ಗುರುತಿನ ಚೀಟಿಯ ಸಂಖ್ಯೆ, ಮೊಬೈಲ್ ಸಂಖ್ಯೆ ಕೊಟ್ಟು, ಒಟಿಪಿ ಹಾಕಬೇಕು. ಕೆಲವೊಮ್ಮೆ ನಮ್ಮ ಹಳೆಯ ಸಾಲದ ಬಗ್ಗೆ ಒಂದೆರಡು ಪ್ರಶ್ನೆಗಳನ್ನೂ ಕೇಳುತ್ತಾರೆ. ನಡುವೆ ಹಣ ಕಟ್ಟುವ ಯೋಜನೆಗಳ ಪುಟಗಳು ಎದುರಾದರೆ ಅಲ್ಲಿ ನಿಂತು ಕಾರ್ಡಿನ ವಿವರ ಕೊಡಬೇಕಾಗಿಲ್ಲ, ಉಚಿತ ವರದಿಯ ಕೊಂಡಿಯನ್ನು ಹುಡುಕಿಕೊಂಡು ಮುಂದೆ ಹೋಗಬಹುದು. ಆ ಕೊಂಡಿ ಜಾಲತಾಣದಲ್ಲಿ ಎದ್ದು ಕಾಣುವಂತೆ ಇರಬೇಕೆಂದು 2023ರಲ್ಲಿ ರಿಸರ್ವ್ ಬ್ಯಾಂಕ್ ಸೂಚಿಸಿದೆ.

ಬ್ಯಾಂಕಿನ ಮತ್ತು ಪಾವತಿಯ ಆ್ಯಪ್‌ಗಳಲ್ಲಿ ತಿಂಗಳು ತಿಂಗಳು ತೋರಿಸುವ ಸ್ಕೋರ್‌ನ ಬಗ್ಗೆಯೂ ಹೇಳಬೇಕು. ಅದು ಉಪಯುಕ್ತವೇ. ನಾನೂ ನೋಡುತ್ತೇನೆ. ಅದು ನಾಲ್ಕರಲ್ಲಿ ಯಾವುದೋ ಒಂದು ಕಂಪನಿಯ ಅಂಕ. 300ರಿಂದ 900ರ ನಡುವಿನ ಆ ಸಂಖ್ಯೆ ಬ್ಯಾಂಕು ನೋಡುವ ಇನ್ನೊಂದು ಕಂಪನಿಯ ಅಂಕಕ್ಕಿಂತ ಹತ್ತಿಪ್ಪತ್ತು ಹೆಚ್ಚು ಕಡಿಮೆ ಇದ್ದರೆ ಗಾಬರಿಯಾಗಬೇಕಿಲ್ಲ, ಲೆಕ್ಕ ಹಾಕುವ ರೀತಿಯೇ ಒಂದೊಂದು ಕಂಪನಿಯದು ಒಂದೊಂದು. ಒಂದೇ ತಿಂಗಳಲ್ಲಿ ಐವತ್ತು ಅರವತ್ತು ಅಂಕ ಕುಸಿದರೆ ಮಾತ್ರ ಅದನ್ನು ಜ್ವರದ ಹಾಗೆ ಗಂಭೀರವಾಗಿ ತೆಗೆದುಕೊಂಡು, ಅದೇ ದಿನ ಪೂರ್ಣ ವರದಿ ತೆಗೆಯಬೇಕು. ಇಂಥ ಆ್ಯಪ್‌ಗಳಿಗೆ ಒಪ್ಪಿಗೆ ಕೊಡುವಾಗ, ನಮ್ಮ ಮಾಹಿತಿಯನ್ನು ಎಷ್ಟು ಕಾಲ, ಯಾವ ಉದ್ದೇಶಕ್ಕೆ ಬಳಸುತ್ತಾರೆ ಎಂಬ ಸಾಲುಗಳನ್ನು ಓದದೆ ಮುಂದೆ ಹೋದರೆ, ಮಾರನೆಯ ದಿನದಿಂದಲೇ ಸಾಲ ಬೇಕೆ ಎಂಬ ಕರೆಗಳು ಶುರುವಾಗುತ್ತವೆ. ಇನ್ನು, ನಮ್ಮ ಸ್ಕೋರನ್ನು ನಾವೇ ನೋಡಿದರೆ ಅದು ಇಳಿಯುತ್ತದೆ ಎಂಬ ಭಯ ನಮ್ಮ ಸ್ಟಾಫ್ ರೂಮಿನಲ್ಲೂ ಹಲವರಿಗಿದೆ. ಅದು ನಿಜವಲ್ಲ. ನಾವು ಸಾಲ ಕೇಳಿದಾಗ ಬ್ಯಾಂಕು ತೆಗೆಯುವ ವರದಿಯಷ್ಟೇ ಸ್ಕೋರ್‌ನ ಮೇಲೆ ಪರಿಣಾಮ ಬೀರುತ್ತದೆ.

ವರದಿ ಕೈಗೆ ಬಂದ ಮೇಲೆ ಎಲ್ಲರ ಕಣ್ಣೂ ಮೊದಲು ಹೋಗುವುದು ಆ ದೊಡ್ಡ ಅಂಕಿಯ ಕಡೆ. ನಾನು ಅದನ್ನು ಕೊನೆಗೆ ಇಟ್ಟುಕೊಂಡು, ಹೆಸರಿನಿಂದ ಶುರು ಮಾಡುತ್ತೇನೆ. ಕರ್ನಾಟಕದವರಿಗೆ ಇದು ವಿಶೇಷವಾಗಿ ಮುಖ್ಯ. ನಮ್ಮ ಹೆಸರಿನ ಹಿಂದಿರುವ ಇನಿಷಿಯಲ್‌ಗಳಲ್ಲಿ ಒಂದು ಊರಿನದು, ಇನ್ನೊಂದು ತಂದೆಯದು. ಪ್ಯಾನ್ ಮಾಡಿಸುವಾಗ ಅವುಗಳನ್ನು ಬಿಡಿಸಿ ಬರೆಯಬೇಕಾಗಿ ಬಂದು, ಒಂದು ಕಡೆ ತಂದೆಯ ಹೆಸರೇ ಮೊದಲ ಹೆಸರಾಗಿ, ಇನ್ನೊಂದು ಕಡೆ ಊರೇ ಕೊನೆಯ ಹೆಸರಾಗಿ ಕುಳಿತಿರುತ್ತದೆ. ನನ್ನ ವರದಿಗಳಲ್ಲಿ ನನ್ನ ಹೆಸರಿಗೆ ಮೂರು ರೂಪಗಳಿದ್ದವು. ರೂಪ ಬೇರೆಯಾದ ಮಾತ್ರಕ್ಕೆ ತೊಂದರೆಯಿಲ್ಲ. ಆದರೆ ಅದರ ಕೆಳಗಿನ ವಿಳಾಸಗಳ ಪಟ್ಟಿಯಲ್ಲಿ ನಾನು ಎಂದೂ ವಾಸಿಸದ ದಾವಣಗೆರೆಯ ಒಂದು ಬಡಾವಣೆ ಕಂಡಾಗ ಎದೆ ಧಸಕ್ಕೆಂದಿತು. ಅದೇ ಹೆಸರಿನ, ಹತ್ತಿರದ ಹುಟ್ಟಿದ ದಿನಾಂಕದ ಬೇರೊಬ್ಬರ ಮಾಹಿತಿ ನನ್ನ ಕಡತಕ್ಕೆ ಸೇರಿತ್ತು. ಸದ್ಯ, ವಿಳಾಸ ಮಾತ್ರ ಸೇರಿತ್ತು, ಸಾಲ ಸೇರಿರಲಿಲ್ಲ. ಗೊತ್ತಿಲ್ಲದ ವಿಳಾಸವೋ ಮೊಬೈಲ್ ಸಂಖ್ಯೆಯೋ ವರದಿಯಲ್ಲಿ ಕಂಡರೆ ಅದನ್ನು ಸಣ್ಣ ತಪ್ಪೆಂದು ಬಿಡಬಾರದು. ನಮ್ಮ ಪ್ಯಾನ್ ಬಳಸಿ ಇನ್ನಾರೋ ಸಾಲ ಎತ್ತಿದ್ದರೆ ಅದರ ಮೊದಲ ಸುಳಿವು ಸಿಗುವುದೂ ಇಲ್ಲಿಯೇ.

ಮುಂದಿನದು ಖಾತೆಗಳ ಭಾಗ. ಒಂದೊಂದು ಸಾಲಕ್ಕೂ ಒಂದು ಚೌಕ, ಅದರ ಕೆಳಗೆ ತಿಂಗಳುಗಳ ಸಾಲು. ಪ್ರತಿ ತಿಂಗಳ ಕೆಳಗಿನ ಸಂಖ್ಯೆ ಕಂತು ಎಷ್ಟು ದಿನ ತಡವಾಗಿದೆ ಎಂಬುದನ್ನು ಹೇಳುತ್ತದೆ. 000 ಎಂದಿದ್ದರೆ ಸಮಯಕ್ಕೆ ಸಂದಾಯವಾಗಿದೆ, 030 ಎಂದಿದ್ದರೆ ಮೂವತ್ತು ದಿನ ತಡ, ಎಕ್ಸ್ ಅಕ್ಷರ ಮೂರು ಸಲ ಇದ್ದರೆ ಆ ತಿಂಗಳ ಮಾಹಿತಿಯನ್ನು ಬ್ಯಾಂಕು ಕೊಟ್ಟಿಲ್ಲ. ಸಿಬಿಲ್ ವರದಿಯಲ್ಲಿ ಹೀಗೆ ಮೂವತ್ತಾರು ತಿಂಗಳ ಚರಿತ್ರೆ ಇರುತ್ತದೆ. ನಾನು ಪಾಸ್‌ಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡು, ಬೆರಳಿಟ್ಟು, ತಿಂಗಳು ತಿಂಗಳಾಗಿ ಹೋಗುತ್ತೇನೆ. ಮುಗಿದ ಸಾಲದ ಮುಂದೆ ಮುಚ್ಚಿದೆ ಎಂಬ ಪದ ಇರಬೇಕು, ಬಾಕಿ ಸೊನ್ನೆ ಇರಬೇಕು. ಸೆಟಲ್ಡ್ ಎಂಬ ಪದ ಇದ್ದರೆ ಜಾಗ್ರತೆ ಬೇಕು. ಕೇಳಲು ಅದು ಇತ್ಯರ್ಥವಾಯಿತು ಎಂಬಂತೆ ಇದ್ದರೂ, ಪೂರ್ತಿ ಕಟ್ಟಲಿಲ್ಲ, ಬ್ಯಾಂಕು ಒಂದಿಷ್ಟು ಬಿಟ್ಟುಕೊಟ್ಟು ಮುಗಿಸಿಕೊಂಡಿತು ಎಂಬುದು ಅದರ ಅರ್ಥ. ಮುಂದೆ ಸಾಲ ಕೊಡುವವರು ಅದನ್ನು ಹಾಗೆಯೇ ಓದುತ್ತಾರೆ.

ಇದೇ ಭಾಗದಲ್ಲಿ ನಮ್ಮ ಕಡೆಯವರು ಮರೆಯುವ ಇನ್ನೊಂದು ವಿಷಯವಿದೆ, ಜಾಮೀನು. ಚಿಕ್ಕಪ್ಪನ ಮಗ ಟ್ರ್ಯಾಕ್ಟರ್ ಕೊಳ್ಳುವಾಗ ಸಾಲಕ್ಕೆ ನಾನು ಜಾಮೀನು ಹಾಕಿದ್ದೆ. ಹಾಕಿ ಮರೆತೂ ಇದ್ದೆ. ಏಪ್ರಿಲ್‌ನ ಒಂದು ವರದಿಯಲ್ಲಿ, ಜಾಮೀನುದಾರರು ಎಂಬ ಗುರುತಿನೊಂದಿಗೆ ಆ ಸಾಲವೂ ನನ್ನ ಚೌಕಗಳ ನಡುವೆ ನಿಂತಿತ್ತು. ಅದರ ಸಾಲಿನಲ್ಲಿ ಎರಡು ತಿಂಗಳ ಕೆಳಗೆ 000 ಇರಲಿಲ್ಲ. ಫೋನ್ ಮಾಡಿದೆ. ಆ ವರ್ಷ ಶುಂಠಿಯ ಬೆಲೆ ಬಿದ್ದು ಕಂತು ಕಟ್ಟಲಾಗಿರಲಿಲ್ಲ. "ಅಕ್ಕ, ನೀವು ಬೇಜಾರು ಮಾಡಿಕೊಳ್ಳುತ್ತೀರಿ ಅಂತ ಹೇಳಲಿಲ್ಲ" ಎಂದ. ಬೇಜಾರಿನ ಮಾತು ಬೇರೆ, ಅವನ ತಡ ನನ್ನ ಕಾಗದದಲ್ಲೂ ಬರೆಯಲ್ಪಡುತ್ತದೆ ಎಂಬುದು ಪಾಪ ಅವನಿಗೆ ತಿಳಿದಿರಲಿಲ್ಲ. ಇಬ್ಬರೂ ಸೇರಿ ಬಾಕಿ ತೀರಿಸಿದೆವು. ಜಾಮೀನು ಹಾಕಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಹಳ್ಳಿಯಲ್ಲಿ ಒಬ್ಬರಿಗೊಬ್ಬರು ಜಾಮೀನಾಗದೆ ಬದುಕು ನಡೆಯುವುದಿಲ್ಲ. ಹಾಕಿದ ಮೇಲೆ ಅದು ಅವರ ಸಾಲವಷ್ಟೇ ಅಲ್ಲ, ನಮ್ಮದೂ ಆಯಿತೆಂದು ತಿಳಿದು ನಡುನಡುವೆ ನೋಡುತ್ತಿರಬೇಕು.

ಕೊನೆಯ ಭಾಗ ವಿಚಾರಣೆಗಳದು. ಯಾವ ಸಂಸ್ಥೆ, ಯಾವ ದಿನ, ಎಷ್ಟು ಮೊತ್ತದ ಯಾವ ಬಗೆಯ ಸಾಲಕ್ಕಾಗಿ ನಮ್ಮ ವರದಿಯನ್ನು ತರಿಸಿಕೊಂಡಿತು ಎಂಬ ಪಟ್ಟಿ. ಸ್ಕೂಟರ್ ಕೊಳ್ಳಲು ಷೋರೂಮಿನಲ್ಲಿ ಒಂದೇ ಅರ್ಜಿಗೆ ಸಹಿ ಹಾಕಿದ್ದೆ. ಎರಡು ದಿನಗಳಲ್ಲಿ ನಾಲ್ಕು ಸಂಸ್ಥೆಗಳು ವರದಿ ತೆಗೆದಿದ್ದವು. ಹೊರಗಿನಿಂದ ನೋಡಿದವರಿಗೆ ನಾನು ಸಾಲಕ್ಕಾಗಿ ಬಾಗಿಲಿಂದ ಬಾಗಿಲಿಗೆ ಅಲೆದಂತೆ ಕಾಣುತ್ತದೆ. ಅಂದಿನಿಂದ, ಅರ್ಜಿಯನ್ನು ಯಾವ ಬ್ಯಾಂಕಿಗೆ ಕಳುಹಿಸುತ್ತೀರಿ ಎಂದು ಮೊದಲೇ ಕೇಳಿ ಅಷ್ಟಕ್ಕೇ ಒಪ್ಪಿಗೆ ಕೊಡುತ್ತೇನೆ. ಯಾರಾದರೂ ನಮ್ಮ ವರದಿಯನ್ನು ತೆರೆದಾಗ ಸಾಲ ಮಾಹಿತಿ ಕಂಪನಿ ನಮಗೆ ಎಸ್ಸೆಮ್ಮೆಸ್ ಅಥವಾ ಇಮೇಲ್ ಕಳುಹಿಸಬೇಕೆಂದು 2023ರ ಅಕ್ಟೋಬರ್‌ನ ಆದೇಶದಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಇದು ಬಹಳ ದೊಡ್ಡ ರಕ್ಷಣೆ. ಆದರೆ ಅವರ ಬಳಿ ನಮ್ಮ ಈಗಿನ ಮೊಬೈಲ್ ಸಂಖ್ಯೆ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಸಿಮ್ ಬದಲಿಸಿದವರು ಬ್ಯಾಂಕುಗಳಿಗೆ ಹೊಸ ಸಂಖ್ಯೆ ಕೊಡುವುದನ್ನು ಮರೆಯಬಾರದು. ಸಾಲವನ್ನೇ ಕೇಳದಿರುವಾಗ ಅಂಥ ಸಂದೇಶ ಬಂದರೆ, ಅದರಲ್ಲಿರುವ ಯಾವ ಕೊಂಡಿಯನ್ನೂ ಒತ್ತದೆ, ನೇರವಾಗಿ ಕಂಪನಿಯ ಜಾಲತಾಣಕ್ಕೆ ಹೋಗಿ ವಿಚಾರಣೆಗಳ ಪಟ್ಟಿಯನ್ನು ನೋಡಬೇಕು.

ತಪ್ಪು ಕಂಡಾಗ ಏನು ಮಾಡಬೇಕೆಂಬ ವಿಷಯದಲ್ಲಿ 2021ಕ್ಕೂ ಇಂದಿಗೂ ತುಂಬ ವ್ಯತ್ಯಾಸವಿದೆ. ವರದಿ ಕೊಟ್ಟ ಕಂಪನಿಯ ಜಾಲತಾಣದಲ್ಲೇ ಆಕ್ಷೇಪಣೆ ಸಲ್ಲಿಸಬಹುದು, ಶುಲ್ಕವಿಲ್ಲ. ಕಂಪನಿ ತಾನಾಗಿಯೇ ತಿದ್ದುವಂತಿಲ್ಲ, ಸಾಲ ಕೊಟ್ಟ ಬ್ಯಾಂಕನ್ನು ಕೇಳಿ ಅದು ಒಪ್ಪಿದ ಮೇಲೆ ತಿದ್ದುತ್ತದೆ. ಆದ್ದರಿಂದ ಅದೇ ದಿನ ಬ್ಯಾಂಕಿಗೂ ಲಿಖಿತ ದೂರು ಕೊಟ್ಟು, ಎರಡರ ಸಂಖ್ಯೆಗಳನ್ನೂ ಬರೆದಿಟ್ಟುಕೊಳ್ಳಬೇಕು. 2024ರ ಏಪ್ರಿಲ್‌ನಿಂದ, ದೂರು ಕೊಟ್ಟ 30 ದಿನಗಳಲ್ಲಿ ಅದು ಇತ್ಯರ್ಥವಾಗದಿದ್ದರೆ ಮುಂದಿನ ಪ್ರತಿ ದಿನಕ್ಕೆ ₹100 ಪರಿಹಾರ ಕೊಡಬೇಕೆಂಬ ನಿಯಮವಿದೆ. ಬ್ಯಾಂಕು 21 ದಿನಗಳೊಳಗೆ ಉತ್ತರಿಸದಿದ್ದರೆ ಅದನ್ನು ಬ್ಯಾಂಕು ಕೊಡಬೇಕು, ಬ್ಯಾಂಕು ಉತ್ತರಿಸಿಯೂ ಕಂಪನಿ ತಿದ್ದದಿದ್ದರೆ ಕಂಪನಿ ಕೊಡಬೇಕು. ಅದರಿಂದಲೂ ಆಗದಿದ್ದರೆ, ಗ್ರಾಹಕರ ದೂರು ಕೇಳಲೆಂದೇ ಇರುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. 2022ರ ಸೆಪ್ಟೆಂಬರ್‌ನಿಂದ ಸಾಲ ಮಾಹಿತಿ ಕಂಪನಿಗಳೂ ಒಂಬುಡ್ಸ್‌ಮನ್ ಯೋಜನೆಯ ವ್ಯಾಪ್ತಿಗೆ ಬಂದಿವೆ. 2025ರ ಜನವರಿಯಿಂದ ಬ್ಯಾಂಕುಗಳು 15 ದಿನಕ್ಕೊಮ್ಮೆಯಾದರೂ ಮಾಹಿತಿ ಕಳುಹಿಸಬೇಕಾಗಿರುವುದರಿಂದ, ಸಾಲ ತೀರಿಸಿ ಒಂದೂವರೆ ತಿಂಗಳಾದ ಮೇಲೂ ವರದಿ ಹಾಗೆಯೇ ಇದ್ದರೆ ಇನ್ನು ಕಾಯುವುದರಲ್ಲಿ ಅರ್ಥವಿಲ್ಲ. ಹಣ ಕೊಟ್ಟರೆ ಸ್ಕೋರನ್ನು 750ಕ್ಕೆ ಏರಿಸಿಕೊಡುತ್ತೇವೆ ಎಂದು ಫೋನ್ ಮಾಡುವವರಿಗೆ ನಮ್ಮ ಪ್ಯಾನ್ ಸಂಖ್ಯೆಯನ್ನೂ ಒಟಿಪಿಯನ್ನೂ ಕೊಡಲೇಬಾರದು. ನಿಜವಾದ ತಪ್ಪನ್ನು ನಾವೇ ಬಿಡಿಗಾಸಿಲ್ಲದೆ ತಿದ್ದಿಸಬಹುದು, ನಿಜವಾದ ಬಾಕಿಯನ್ನು ಯಾರಿಂದಲೂ ಅಳಿಸಲಾಗುವುದಿಲ್ಲ.

ಕಳೆದ ವರ್ಷ ನಮ್ಮ ಬೀದಿಯ ಕೊನೆಯಲ್ಲಿ ಹೂವು ಕಟ್ಟಿ ಮಾರುವ ಹೆಣ್ಣುಮಗಳೊಬ್ಬರು ಸಂಘದ ಸಾಲ ಸಿಗಲಿಲ್ಲವೆಂದು ಹೇಳಿಕೊಂಡರು. ಹಳೆಯ ₹40,000ದ ಸಾಲವನ್ನು ಅವರು ವಾರವಾರ ಕಟ್ಟಿ ಮುಗಿಸಿದ್ದರು. ಆದರೂ ನಿಮ್ಮ ಸಿಬಿಲ್‌ನಲ್ಲಿ ಬಾಕಿ ಇದೆ ಎಂಬ ಒಂದೇ ಮಾತು ಹೇಳಿ ಕಳುಹಿಸಿದ್ದರು. ಕಿರುಸಾಲದಲ್ಲಿ ಈ ಕಾಗದದ ತೂಕ ನಮ್ಮಂಥವರಿಗಿಂತ ಹೆಚ್ಚು. 2022ರ ನಿಯಮದ ಪ್ರಕಾರ ವಾರ್ಷಿಕ ₹3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಕೊಡುವ ಇಂಥ ಸಾಲಗಳಲ್ಲಿ, ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರುವಂತಿಲ್ಲ. ತೀರಿದ ಸಾಲವೊಂದು ವರದಿಯಲ್ಲಿ ಜೀವಂತವಾಗಿ ಉಳಿದರೆ ಅದು ಆ ಅರ್ಧದ ಒಂದು ಪಾಲನ್ನು ಸುಮ್ಮನೆ ತಿಂದುಹಾಕುತ್ತದೆ.

ಅವರಿಗೆ ಪ್ಯಾನ್ ಇರಲಿಲ್ಲ, ಮತದಾರರ ಗುರುತಿನ ಚೀಟಿಯ ಸಂಖ್ಯೆ ಕೊಟ್ಟು ವರದಿ ತೆಗೆದೆವು. ನಾನು ಈವರೆಗೆ ತೆಗೆದ ವರದಿಗಳೆಲ್ಲ ಇಂಗ್ಲಿಷಿನಲ್ಲೇ ಇದ್ದವು, ಇದೂ ಹಾಗೆಯೇ ಇತ್ತು. ತನ್ನ ನಂಬಿಕೆಯ ಲೆಕ್ಕವನ್ನು ತಾನೇ ಓದಲಾಗದ ಭಾಷೆಯಲ್ಲಿ ಬರೆದಿಟ್ಟಿರುವುದು ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ಪಹಣಿ ಕನ್ನಡದಲ್ಲಿ ಇದ್ದುದರಿಂದಲ್ಲವೆ ನಮ್ಮ ತಂದೆಯವರಿಗೆ ಅದರ ಮೇಲೆ ಬೆರಳಿಡಲು ಸಾಧ್ಯವಾದದ್ದು? ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳುತ್ತಾ ಹೋದೆ. ₹6,300 ಬಾಕಿ ಎಂದಿದ್ದ ಕಡೆ ಅವರು ನನ್ನನ್ನು ತಡೆದು, ಒಳಗಿನಿಂದ ಅರಿಶಿನದ ಕಲೆಯಾಗಿದ್ದ ಕಂತಿನ ಕಾರ್ಡನ್ನು ತಂದರು. ಕೊನೆಯ ನಾಲ್ಕು ಕಂತುಗಳ ಮುಂದೆಯೂ ವಸೂಲಿಗೆ ಬಂದವರ ಸಹಿ ಇತ್ತು. ಅದರ ಫೋಟೋ ತೆಗೆದು ಆಕ್ಷೇಪಣೆಯ ಜೊತೆ ಕಳುಹಿಸಿದೆವು. ಇಪ್ಪತ್ತನಾಲ್ಕನೆಯ ದಿನ ಆ ಸಾಲದ ಮುಂದಿನ ಬಾಕಿ ಸೊನ್ನೆಯಾಯಿತು.

ತಿದ್ದಿದ ವರದಿಯ ಆ ಒಂದು ಪುಟವನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಕೊಟ್ಟೆ. ಅವರು ಅದನ್ನು ರೇಷನ್ ಕಾರ್ಡಿದ್ದ ಪ್ಲಾಸ್ಟಿಕ್ ಕವರಿನೊಳಗೆ ಸೇರಿಸುತ್ತಾ, "ಇನ್ನೊಂದು ಸಲ ಯಾವಾಗ ತೆಗೆಯಬೇಕು ಅಕ್ಕ?" ಎಂದು ಕೇಳಿದರು. ಮೂರು ತಿಂಗಳು ಬಿಟ್ಟು, ಇನ್ನೊಂದು ಕಂಪನಿಯದನ್ನು ತೆಗೆಯೋಣ ಎಂದೆ. ಅವರ ಮನೆಯ ಕ್ಯಾಲೆಂಡರಿನಲ್ಲೂ ಈಗ ನಾಲ್ಕು ಸುತ್ತುಗಳಿವೆ.